ಲಂಡನ್ನಿನ ಪೆಟ್ರಿ ಮ್ಯೂಸಿಯಂ: ಚಿನ್ನ ಇಲ್ಲ, ಮಡಕೆ ಇದೆ, ತಪ್ಪದೆ ಹೋಗಿ

ಲಂಡನ್ನಿನಲ್ಲಿ ಈಜಿಪ್ಟಿನ ಹಳೆಯ ವಸ್ತುಗಳನ್ನು ನೋಡಬೇಕು ಅಂದರೆ ಎಲ್ಲರೂ ಬ್ರಿಟಿಷ್ ಮ್ಯೂಸಿಯಂ ದಾರಿ ತೋರಿಸುತ್ತಾರೆ. ರೊಸೆಟ್ಟಾ ಕಲ್ಲು ಅಲ್ಲಿದೆ, ದೊಡ್ಡ ದೊಡ್ಡ ಪ್ರತಿಮೆಗಳು ಅಲ್ಲಿವೆ, ಜನಜಂಗುಳಿಯೂ ಅಲ್ಲೇ. ನೋಡಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿಂದ ಸ್ವಲ್ಪ ದೂರ ನಡೆದರೆ ಮ್ಯಾಲೆಟ್ ಪ್ಲೇಸ್ ಅಂತ ಒಂದು ಜಾಗ ಸಿಗುತ್ತದೆ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಕಟ್ಟಡಗಳ ನಡುವಿನ ಓಣಿ. ಅಲ್ಲಿ ಹಿಂದೆ ಕುದುರೆ ಲಾಯವಾಗಿದ್ದ ಕಟ್ಟಡದ ಮೇಲೆ ಪೆಟ್ರಿ ಮ್ಯೂಸಿಯಂ ಇದೆ. ಪ್ರವೇಶ ಉಚಿತ. ಹೊರಗಿನಿಂದ ನೋಡಿದರೆ ಒಳಗೆ ಇಷ್ಟೊಂದು ಇದೆ ಅಂತ ಗೊತ್ತೇ ಆಗುವುದಿಲ್ಲ. ಸಂಗ್ರಹದಲ್ಲಿ ಸುಮಾರು 80,000 ವಸ್ತುಗಳಿವೆ.

ನಾನು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿ ನಿವೃತ್ತನಾದವನು. ಹಾಸನ, ಚಿಕ್ಕಮಗಳೂರು ಕಡೆ ಪೋಡಿ, ಹದ್ದುಬಸ್ತು ಮಾಡಿಕೊಂಡು ಆಯಸ್ಸು ಕಳೆದಿದ್ದೇನೆ. ಈಗ ಮಗಳ ಮನೆ ಲಂಡನ್ನಿನಲ್ಲಿರುವುದರಿಂದ ಅಲ್ಲಿಗೆ ಹೋಗಿ ಬಂದು ಮಾಡುತ್ತೇನೆ. ಈ ಮ್ಯೂಸಿಯಂ ನನ್ನನ್ನು ಹಿಡಿದುಕೊಂಡಿದ್ದಕ್ಕೆ ಕಾರಣ, ಇದರ ಹೆಸರಿನ ಹಿಂದಿರುವ ಮನುಷ್ಯ. ಫ್ಲಿಂಡರ್ಸ್ ಪೆಟ್ರಿ ಈಜಿಪ್ಟಿಗೆ ಮೊದಲು ಹೋಗಿದ್ದು ನಿಧಿ ಹುಡುಕುವುದಕ್ಕಲ್ಲ. ಅಳತೆ ಮಾಡುವುದಕ್ಕೆ. ಅವರೂ ಸರ್ವೆಯರ್ರೇ.

ಪೆಟ್ರಿ ಹುಟ್ಟಿದ್ದು 1853ರಲ್ಲಿ, ಲಂಡನ್ನಿನ ಪಕ್ಕದ ಚಾರ್ಲ್ಟನ್‌ನಲ್ಲಿ. ತಾಯಿಯ ತಂದೆ ಮ್ಯಾಥ್ಯೂ ಫ್ಲಿಂಡರ್ಸ್, ಆಸ್ಟ್ರೇಲಿಯಾದ ಕರಾವಳಿಯ ನಕ್ಷೆ ಮಾಡಿದ ನಾವಿಕ. ಅಂದರೆ ಅಳೆಯುವ ಕೆಲಸ ಮನೆತನದಲ್ಲೇ ಇತ್ತು. ಹುಡುಗನಿಗೆ ಆರೋಗ್ಯ ಸರಿಯಿರಲಿಲ್ಲ. ಹಾಗಾಗಿ ಶಾಲೆಗೇ ಹೋಗಲಿಲ್ಲ. ಮನೆಯಲ್ಲೇ ಪಾಠ. ತಂದೆ ವಿಲಿಯಂ ಪೆಟ್ರಿ ಎಂಜಿನಿಯರ್. ಮಗನಿಗೆ ಸರ್ವೆ ಕಲಿಸಿದ್ದು ಅವರೇ. ಅಪ್ಪ ಮಗ ಸೇರಿಕೊಂಡು 1872ರಲ್ಲಿ ಸ್ಟೋನ್‌ಹೆಂಜ್ ಅಳೆದರು. ಆಗ ಪೆಟ್ರಿಗೆ ಹತ್ತೊಂಬತ್ತು ವರ್ಷ. ಡಿಗ್ರಿ ಇಲ್ಲದ ಈ ಮನುಷ್ಯ ಮುಂದೆ ಇಂಗ್ಲೆಂಡಿನ ಮೊದಲ ಈಜಿಪ್ಟ್ ಶಾಸ್ತ್ರದ ಪ್ರೊಫೆಸರ್ ಆದರು.

ಪಿರಮಿಡ್ಡಿನ ಕಥೆ ಇಲ್ಲಿ ಹೇಳಲೇಬೇಕು. ಆ ಕಾಲದಲ್ಲಿ ಪಿಯಾಟ್ಸಿ ಸ್ಮಿತ್ ಅಂತ ಸ್ಕಾಟ್ಲೆಂಡಿನ ದೊಡ್ಡ ಖಗೋಳಜ್ಞರಿದ್ದರು. ದೊಡ್ಡ ಪಿರಮಿಡ್ಡಿನ ಅಳತೆಯಲ್ಲಿ ದೇವರೇ ಗುಟ್ಟು ಇಟ್ಟಿದ್ದಾನೆ ಅಂತ ಅವರ ವಾದ. 'ಪಿರಮಿಡ್ ಇಂಚು' ಅಂತ ಒಂದು ಅಳತೆ ಮಾಡಿಕೊಂಡಿದ್ದರು. ಬುಡದ ಒಂದು ಬದಿ ಸುಮಾರು 9,140 ಇಂಚು, ಅದನ್ನು ಇಂತಿಷ್ಟರಿಂದ ಭಾಗಿಸಿದರೆ ವರ್ಷದ ದಿನಗಳು ಬರುತ್ತವೆ, ಹೀಗೆ. ಪೆಟ್ರಿಯ ತಂದೆಗೆ ಇದರಲ್ಲಿ ತುಂಬಾ ನಂಬಿಕೆ. ಮಗನಿಗೂ ಚಿಕ್ಕಂದಿನಿಂದ ಅದೇ ಗುಂಗು. ಆದರೆ ನಂಬಿಕೊಂಡು ಸುಮ್ನೆ ಕೂರಲಿಲ್ಲ. 1880ರ ಕೊನೆಯಲ್ಲಿ, ಇಪ್ಪತ್ತೇಳನೇ ವಯಸ್ಸಿನಲ್ಲಿ, ಕೋನ ಅಳೆಯುವ ಥಿಯೊಡೊಲೈಟ್ ಮತ್ತು ಉಕ್ಕಿನ ಟೇಪು ಕಟ್ಟಿಕೊಂಡು ಗೀಜಾಕ್ಕೆ ಹೊರಟರು.

ಅಲ್ಲಿ ಬಂಡೆಯಲ್ಲಿ ಕೊರೆದ ಒಂದು ಹಳೆಯ ಗೋರಿಯೇ ಮನೆ. ಜೊತೆಗೆ ಅಲಿ ಗಾಬ್ರಿ ಅನ್ನುವ ಸ್ಥಳೀಯ ಸಹಾಯಕ. ಅವರು ಹಿಂದೆ ಪಿಯಾಟ್ಸಿ ಸ್ಮಿತ್ ಜೊತೆಗೂ ಕೆಲಸ ಮಾಡಿದ್ದವರು. ಪಿರಮಿಡ್ ಒಳಗೆ ಅಳತೆ ರಾತ್ರಿ ಹೊತ್ತು, ಪ್ರವಾಸಿಗಳೆಲ್ಲ ಹೋದ ಮೇಲೆ. ಒಳಗಿನ ಸೆಕೆಗೆ ಬಟ್ಟೆ ಕಳಚಿಟ್ಟೇ ಕೆಲಸ. ಹಗಲಲ್ಲಿ ಹೊರಗೆ ಗುಲಾಬಿ ಬಣ್ಣದ ಒಳಉಡುಪಿನಲ್ಲೇ ಓಡಾಡುತ್ತಿದ್ದರಂತೆ. ಅದನ್ನು ನೋಡಿದ ಪ್ರವಾಸಿಗಳು ಹತ್ತಿರ ಬಾರದೆ ದೂರ ಹೋಗುತ್ತಾರೆ, ಕೆಲಸಕ್ಕೆ ಅಡ್ಡಿ ಇಲ್ಲ, ಅಂತ ಅವರೇ ಬರೆದುಕೊಂಡಿದ್ದಾರೆ. ಸರ್ವೆ ಮಾಡುವಾಗ ಸುತ್ತ ಜನ ಸೇರಿದರೆ ಎಷ್ಟು ಕಷ್ಟ ಅಂತ ನನಗೆ ಚೆನ್ನಾಗಿ ಗೊತ್ತು.

ಎರಡು ಚಳಿಗಾಲದ ಕೆಲಸದ ನಂತರ ಬಂದ ಲೆಕ್ಕ: ಬುಡದ ನಾಲ್ಕು ಬದಿಗಳ ಸರಾಸರಿ 9,068.8 ಇಂಚು. ಸ್ಮಿತ್ ಹೇಳಿದ್ದಕ್ಕಿಂತ ಸುಮಾರು ಆರು ಅಡಿ ಕಡಿಮೆ. ದೇವರ ಇಂಚಿನ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ತಂದೆ ನಂಬಿದ್ದನ್ನು ಮಗನೇ ಅಳೆದು ಸುಳ್ಳು ಅಂತ ತೋರಿಸಿದರು, 1883ರಲ್ಲಿ ಪುಸ್ತಕ ಮಾಡಿ ಅಚ್ಚು ಹಾಕಿಸಿದರು. ಆಮೇಲೆ 1925ರಲ್ಲಿ ಈಜಿಪ್ಟ್ ಸರ್ಕಾರಕ್ಕಾಗಿ ಜೆ. ಎಚ್. ಕೋಲ್ ಅನ್ನುವವರು ಮತ್ತೆ ಅಳೆದರು. ಅವರ ಸರಾಸರಿ 230.364 ಮೀಟರ್. ಪೆಟ್ರಿಯ ಇಂಚುಗಳನ್ನು ನಾನೇ ಮೀಟರಿಗೆ ತಿರುಗಿಸಿ ನೋಡಿದೆ. 230.348 ಬಂತು. ವ್ಯತ್ಯಾಸ ಎರಡು ಸೆಂಟಿಮೀಟರ್ ಕೂಡ ಇಲ್ಲ! ಪೆಟ್ರಿ ಅಳೆಯುವಾಗ ಪಿರಮಿಡ್ಡಿನ ಬುಡದ ಸುತ್ತ ಮಣ್ಣು ಕಲ್ಲಿನ ರಾಶಿ ಬಿದ್ದಿತ್ತು. ನೇರವಾಗಿ ಟೇಪು ಹಿಡಿಯುವುದಕ್ಕೆ ಆಗುತ್ತಿರಲಿಲ್ಲ. ಬಯಲಿನಲ್ಲಿ ಬಿಂದುಗಳನ್ನು ನೆಟ್ಟು, ಕೋನ ಹಿಡಿದು, ತ್ರಿಕೋನ ಕಟ್ಟಿಕೊಂಡು ಮೂಲೆಗಳನ್ನು ತಲುಪಿದ್ದು. ಈ ಕೆಲಸ ಮಾಡಿದವರಿಗೆ ಈ ಎರಡು ಸೆಂಟಿಮೀಟರಿನ ಬೆಲೆ ತಿಳಿಯುತ್ತದೆ.

ಈ ಅವಧಿಯ ಒಂದು ವಸ್ತು ಮ್ಯೂಸಿಯಂ ಸಂಗ್ರಹದಲ್ಲಿದೆ. ಗ್ರಾನೈಟಿನ ಒಂದು ಸಣ್ಣ ಉರುಳೆ. ಯುಸಿ 16036 ಅಂತ ನಂಬರ್. ಪಿರಮಿಡ್ ಕಾಲದ ಕೆಲಸಗಾರರು ಗ್ರಾನೈಟಿಗೆ ಕೊಳವೆ ಹಾಕಿ ತೂತು ಕೊರೆದಾಗ ಒಳಗಿನಿಂದ ಬಂದ ತಿರುಳು ಅದು. ಮೇಲೆ ತುಸು ಸಣ್ಣ, ಕೆಳಗೆ ದಪ್ಪ. ಮೈ ಸುತ್ತ ಗೀರುಗಳು. ಕೊಳವೆಯ ತುದಿಗೆ ರತ್ನದ ಹರಳು ಕೂರಿಸಿರಬೇಕು ಅಂತ ಪೆಟ್ರಿ ಊಹಿಸಿದರು. ಆಮೇಲೆ ಡೆನಿಸ್ ಸ್ಟಾಕ್ಸ್ ಅನ್ನುವವರು ತಾಮ್ರದ ಕೊಳವೆ ಮತ್ತು ಮರಳು ಇಟ್ಟುಕೊಂಡೇ ಗ್ರಾನೈಟ್ ಕೊರೆದು ತೋರಿಸಿದರು. ಈಗಲೂ ಈ ಕಲ್ಲನ್ನು ಹಿಡಿದುಕೊಂಡು ಅನ್ಯಗ್ರಹದ ಜೀವಿಗಳು ಬಂದಿದ್ದರು, ಕಳೆದುಹೋದ ಯಂತ್ರಗಳಿದ್ದವು ಅಂತ ವಿಡಿಯೋ ಮಾಡುವವರಿಗೆ ಕಡಿಮೆಯಿಲ್ಲ. ಅವರ ಮಾತು ಕೇಳುವ ಬದಲು ಕಲ್ಲಿನ ಮುಂದೆ ನಿಂತು ನೋಡಿ. ತಾಮ್ರ, ಮರಳು, ಮತ್ತು ಬಿಡದೆ ತಿರುಗಿಸಿದ ಕೈ. ನನಗಂತೂ ಅದೇ ದೊಡ್ಡದು.

ಈಗ ಮ್ಯೂಸಿಯಂ ಒಳಗೆ ಬರೋಣ. ಗಾಜಿನ ಕಪಾಟುಗಳು ಸಾಲಾಗಿ ಒತ್ತೊತ್ತಾಗಿ ನಿಂತಿವೆ. ಒಳಗೆ ವಸ್ತುಗಳೂ ಹಾಗೇ, ಒಂದರ ಪಕ್ಕ ಒಂದು. ಮಣಿ, ಬಾಚಣಿಗೆ, ಚಪ್ಪಲಿ, ತೂಕದ ಕಲ್ಲು, ಕನ್ನಡಿ, ಸೂಜಿ. ಬೇರೆ ಮ್ಯೂಸಿಯಂಗಳಲ್ಲಿ ಒಂದು ಪ್ರತಿಮೆಗೆ ಒಂದು ಕೋಣೆ ಕೊಟ್ಟು ಲೈಟ್ ಬಿಟ್ಟಿರುತ್ತಾರಲ್ಲ, ಆ ಥರ ಇಲ್ಲಿ ಇಲ್ಲ. ಬಟ್ಟೆ, ಬಣ್ಣ ಹಾಳಾಗಬಾರದು ಅಂತ ಬೆಳಕೂ ಕಡಿಮೆ. ಕೆಲವರಿಗೆ ಇದು ಇಷ್ಟವಾಗಲಿಕ್ಕಿಲ್ಲ. ನನಗೆ ಇದೇ ಸರಿ ಅನ್ನಿಸಿತು. ಪೆಟ್ರಿ ಈ ಸಂಗ್ರಹ ಮಾಡಿದ್ದು ಪ್ರದರ್ಶನಕ್ಕಲ್ಲ, ಪಾಠಕ್ಕೆ. ವಿದ್ಯಾರ್ಥಿಗಳು ಮುಟ್ಟಿ, ತಿರುಗಿಸಿ, ಹೋಲಿಸಿ ಕಲಿಯಲಿ ಅಂತ. 1913ರಲ್ಲಿ ಕಾಲೇಜು ಜನರಿಂದ ಚಂದಾ ಎತ್ತಿ 3,500 ಪೌಂಡ್ ಕೊಟ್ಟು ಅವರಿಂದ ಇದನ್ನು ಕೊಂಡುಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಎಲ್ಲ ಪೆಟ್ಟಿಗೆ ಸೇರಿತ್ತು. 1950ರ ದಶಕದಲ್ಲಿ ಈ ಲಾಯದ ಮೇಲಿನ ಜಾಗಕ್ಕೆ ಬಂತು. ತಾತ್ಕಾಲಿಕ ಅಂತ ಬಂದದ್ದು ಇಲ್ಲೇ ಉಳಿಯಿತು.

ನೀವು ಮೊದಲು ಹೋಗಬೇಕಾದ್ದು ಮಡಕೆಗಳ ಹತ್ತಿರ. ಹೌದು, ಮಡಕೆಗಳು. ಸಾಲು ಸಾಲು. ಹೆಚ್ಚಿನವರು ಅಲ್ಲಿ ನಿಲ್ಲದೆ ಮುಂದೆ ಹೋಗುತ್ತಾರೆ. ಪೆಟ್ರಿಯ ಜೀವನದ ದೊಡ್ಡ ಸಾಧನೆ ಇರುವುದು ಅಲ್ಲೇ.

1894-95ರ ಚಳಿಗಾಲದಲ್ಲಿ ಮೇಲಿನ ಈಜಿಪ್ಟಿನ, ಅಂದರೆ ದಕ್ಷಿಣ ಈಜಿಪ್ಟಿನ, ನಖಾದಾ ಅನ್ನುವಲ್ಲಿ ಪೆಟ್ರಿ ತಂಡ ಎರಡು ಸಾವಿರಕ್ಕೂ ಜಾಸ್ತಿ ಗೋರಿಗಳನ್ನು ಅಗೆಯಿತು. ಬರಹ ಇಲ್ಲ, ರಾಜರ ಹೆಸರಿಲ್ಲ, ನಾಣ್ಯ ಇಲ್ಲ. ಬರೀ ಮಡಕೆ. ಯಾವ ಗೋರಿ ಮೊದಲು, ಯಾವುದು ಆಮೇಲೆ? ಹೇಗೆ ಹೇಳುವುದು? ಪೆಟ್ರಿ ಮಾಡಿದ ಕೆಲಸ ಹೀಗಿತ್ತು. ಮಡಕೆಗಳನ್ನು ಆಕಾರದ ಮೇಲೆ ಬಗೆ ಬಗೆಯಾಗಿ ವಿಂಗಡಿಸಿ ನಂಬರ್ ಕೊಟ್ಟರು. ಸುಮಾರು 900 ಗೋರಿಗಳನ್ನು ಆರಿಸಿಕೊಂಡು, ಒಂದೊಂದು ಗೋರಿಗೆ ಒಂದೊಂದು ರಟ್ಟಿನ ಪಟ್ಟಿ ಮಾಡಿ, ಅದರಲ್ಲಿ ಯಾವ ಯಾವ ಬಗೆಯ ಮಡಕೆ ಸಿಕ್ಕಿತು ಅಂತ ಬರೆದರು. ಆಮೇಲೆ ಆ ಪಟ್ಟಿಗಳನ್ನು ಹಿಂದೆ ಮುಂದೆ ಮಾಡುತ್ತಾ ಹೋದರು. ಒಂದೇ ಬಗೆಯ ಮಡಕೆಗಳು ಹತ್ತಿರ ಹತ್ತಿರ ಬರುವವರೆಗೂ. ಕಂಪ್ಯೂಟರ್ ಇಲ್ಲದ ಕಾಲ. ಇಂದು ಇದಕ್ಕೆ ಸೀರಿಯೇಶನ್ ಅನ್ನುತ್ತಾರೆ, ಗಣಿತಜ್ಞರು ಇದರ ಮೇಲೆ ದೊಡ್ಡ ಲೇಖನಗಳನ್ನೇ ಬರೆದಿದ್ದಾರೆ.

ಆದರೆ ಸಾಲು ಸಿಕ್ಕರೂ ತಲೆ ಯಾವುದು ಬಾಲ ಯಾವುದು ಗೊತ್ತಾಗಬೇಕಲ್ಲ. ಅದನ್ನು ಹೇಳಿದ್ದು ಅಲೆಯಂಥ ಹಿಡಿಯಿರುವ ಮಡಕೆಗಳು. ಕಪಾಟಿನಲ್ಲಿ ಇವನ್ನು ಹುಡುಕಿ ನೋಡಿ. ಮೊದಲಿನ ಮಡಕೆ ಗುಂಡಗಿದೆ, ಹೊಟ್ಟೆ ದಪ್ಪ. ಎರಡೂ ಬದಿಗೆ ಮಣ್ಣಿನ ಏಣು ಅಂಟಿಸಿ ಬೆರಳಿನಿಂದ ಒತ್ತಿ ಅಲೆಯಂತೆ ಮಾಡಿದ್ದಾರೆ. ಹಿಡಿದು ಎತ್ತುವುದಕ್ಕೆ ನಿಜವಾಗಿ ಕೆಲಸಕ್ಕೆ ಬರುವ ಹಿಡಿ. ಆಮೇಲಿನದರಲ್ಲಿ ಹೊಟ್ಟೆ ಸಣ್ಣಗಾಗುತ್ತದೆ, ಹಿಡಿಯೂ ಮೈಗೆ ಅಂಟುತ್ತದೆ. ಇನ್ನೂ ಮುಂದೆ ಬಂದರೆ ಮಡಕೆ ಉದ್ದ ಲೋಟದ ಹಾಗಾಗಿದೆ, ಹಿಡಿ ಸುತ್ತ ಒಂದು ಅಲೆಗೆರೆ ಅಷ್ಟೇ. ಹಿಡಿಯುವುದಕ್ಕೆ ಏನೂ ಇಲ್ಲ, ಅಲಂಕಾರ ಮಾತ್ರ ಉಳಿದಿದೆ. ಯಾವುದು ಮೊದಲು ಅಂತ ಈಗ ನೀವೇ ಹೇಳಬಹುದು, ಅಲ್ವಾ? ಕೆಲಸಕ್ಕೆ ಬರುವ ಹಿಡಿಯೇ ಮೊದಲು ಬಂದಿರಬೇಕು. ಬಳಕೆ ತಪ್ಪಿದ ಮೇಲೆ ಅದು ಬರೀ ಗೆರೆಯಾಯಿತು. ನನ್ನ ಮೊಮ್ಮಗಳು ಗಾಜಿನ ಮೇಲೆ ಬೆರಳು ತೋರಿಸಿ ಈ ಸಾಲನ್ನು ತಾನೇ ಸರಿಯಾಗಿ ಹೇಳಿದಳು.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಪೆಟ್ರಿ ಈ ಸಾಲಿಗೆ ನಂಬರ್ ಕೊಡುವಾಗ 1ರಿಂದ ಶುರು ಮಾಡಲಿಲ್ಲ. 30ರಿಂದ 80ರವರೆಗೆ ಕೊಟ್ಟರು. ಮೊದಲಿನ ನಂಬರುಗಳನ್ನು ಖಾಲಿ ಬಿಟ್ಟರು. ಇದಕ್ಕಿಂತ ಹಳೆಯದು ಮುಂದೆ ಯಾರಿಗಾದರೂ ಸಿಕ್ಕರೆ ಅದಕ್ಕೆ ಜಾಗ ಬೇಕಲ್ಲ ಅಂತ. ಹಾಗೇ ಆಯಿತು. 1920ರ ದಶಕದಲ್ಲಿ ಅವರ ಶಿಷ್ಯವರ್ಗದ ಗೈ ಬ್ರಂಟನ್ ಮತ್ತು ಗರ್ಟ್ರೂಡ್ ಕೇಟನ್ ಥಾಂಪ್ಸನ್ ಬದಾರಿ ಪ್ರದೇಶದಲ್ಲಿ ಅಗೆದಾಗ ನಖಾದಾಕ್ಕಿಂತ ಹಳೆಯ ಸಂಸ್ಕೃತಿ ಸಿಕ್ಕಿತು. ಕೇಟನ್ ಥಾಂಪ್ಸನ್ ಪದರ ಪದರವಾಗಿ ಅಗೆದಾಗ ಮಡಕೆಗಳ ಕ್ರಮವೂ ಪೆಟ್ರಿ ಹೇಳಿದ ಹಾಗೇ ಬಂತು.

ಇದೇ ಸಾಲಿನಲ್ಲಿ ಕೆಳಗೆ ಕೆಂಪು, ಬಾಯಿ ಕಪ್ಪು ಇರುವ ಮಡಕೆಗಳೂ ಇವೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ವೀಲರ್ 1947ರಲ್ಲಿ ಅಗೆದಾಗ ಸಿಕ್ಕ ಕಪ್ಪು ಕೆಂಪು ಮಡಕೆಗಳು ನೆನಪಿಗೆ ಬರುತ್ತವೆ. ಸಂಬಂಧ ಕಲ್ಪಿಸಬೇಡಿ. ನಡುವೆ ಸಾವಿರಾರು ವರ್ಷ, ಸಾವಿರಾರು ಮೈಲಿ ಇದೆ. ಆದರೂ ಎರಡೂ ಕಡೆಯ ಕುಂಬಾರರು ಬೆಂಕಿ, ಹೊಗೆ, ಗಾಳಿಯನ್ನು ಹೀಗೆ ಆಡಿಸಿದರಲ್ಲ ಅಂತ ಖುಷಿಯಾಗುತ್ತದೆ.

ಅಗೆಯುವ ಕೆಲಸವನ್ನು ಪೆಟ್ರಿ ಒಬ್ಬರೇ ಮಾಡಿದ್ದಲ್ಲ. 1893-94ರಲ್ಲಿ ಕೊಪ್ಟೋಸ್, ಅಂದರೆ ಇಂದಿನ ಕುಫ್ತ್ ಊರಿನಲ್ಲಿ ಅಗೆದಾಗ ಅಲ್ಲಿನ ಜನರಿಗೆ ಕೆಲಸ ಕಲಿಸಿದರು. ಕುಫ್ತಿಗಳು ಅಂತಲೇ ಅವರಿಗೆ ಹೆಸರಾಯಿತು. ಅಪ್ಪನಿಂದ ಮಗನಿಗೆ ವಿದ್ಯೆ ದಾಟಿ, ಈಜಿಪ್ಟಿನ ಎಲ್ಲ ಕಡೆ ಉತ್ಖನನಗಳಲ್ಲಿ ಮೇಸ್ತ್ರಿಗಳಾಗಿ ಅವರೇ ನಿಂತರು. ಲಾಹೂನ್ ಊರಿನ ಅಲಿ ಸುವೇಫಿ ಪೆಟ್ರಿಯ ಬಲಗೈ. ಮಣ್ಣಿನ ಬಣ್ಣ ನೋಡಿಯೇ ಕೆಳಗೇನಿದೆ ಅಂತ ಹೇಳುವ ಥರದವರು. ಕೂಲಿಯ ಮೇಲೆ, ಸಿಕ್ಕ ವಸ್ತುವಿಗೆ ಪೇಟೆಯಲ್ಲಿ ಎಷ್ಟು ಬರುತ್ತದೋ ಅಷ್ಟು ಬಕ್ಷೀಸನ್ನು ಪೆಟ್ರಿ ಕೈಯಲ್ಲೇ ಕೊಡುತ್ತಿದ್ದರು. ಹಾಗಾಗಿ ಸಣ್ಣ ಮಣಿಯೂ ಜೇಬಿಗೆ ಹೋಗದೆ ಪುಸ್ತಕಕ್ಕೆ ಬಂತು. ನಮ್ಮಲ್ಲೂ ಸರಪಳಿ ಹಿಡಿಯುವ ಚೈನ್‌ಮ್ಯಾನ್ ಹೆಸರು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಈ ಕಪಾಟುಗಳ ಮುಂದೆ ನಿಂತಾಗ ಅಲಿ ಸುವೇಫಿಯ ಹೆಸರನ್ನೂ ಹೇಳಿಕೊಳ್ಳಿ ಅಂತ ನನ್ನ ಕೋರಿಕೆ.

ಶಿಬಿರದ ಬದುಕು ಮಾತ್ರ ಕಠಿಣ. ಊಟಕ್ಕೆ ಡಬ್ಬಿ ಆಹಾರ. ಡಬ್ಬಿ ಕೆಟ್ಟಿದೆಯೋ ಇಲ್ಲವೋ ನೋಡಲು ಗೋಡೆಗೆ ಎಸೆಯುತ್ತಿದ್ದರು, ಸಿಡಿಯದಿದ್ದರೆ ತಿನ್ನಬಹುದು ಅಂತ ಲೆಕ್ಕ, ಎಂಬ ಕಥೆ ಇಂದಿಗೂ ಓಡಾಡುತ್ತದೆ. ತುತನ್‌ಖಾಮುನ್ ಗೋರಿ ತೆರೆದ ಹೊವಾರ್ಡ್ ಕಾರ್ಟರ್ ಹದಿನೇಳರ ಹುಡುಗನಾಗಿದ್ದಾಗ ಅಮರ್ನಾದಲ್ಲಿ ಪೆಟ್ರಿಯ ಕೈಕೆಳಗೆ ಕಲಿತರು. ಮುಂದೆ ಅರೇಬಿಯಾದ ಲಾರೆನ್ಸ್ ಅಂತ ಹೆಸರಾದ ಟಿ. ಇ. ಲಾರೆನ್ಸ್ ಕೂಡ 1912ರಲ್ಲಿ ಕೆಲವು ವಾರ ಇದ್ದು ಹೋದರು. 1897ರಲ್ಲಿ ಪೆಟ್ರಿ ಮದುವೆಯಾದ ಹಿಲ್ಡಾ ಅದೇ ಗುಡಾರಗಳಲ್ಲಿ ಇದ್ದು ಶಾಸನಗಳ ನಕಲು ಮಾಡಿದರು, ಚಿತ್ರ ಬರೆದರು, ಇಂಗ್ಲೆಂಡಿಗೆ ಬಂದು ಉತ್ಖನನಕ್ಕೆ ದುಡ್ಡು ಕೂಡಿಸಿದರು. ಇವರ ಮಗ ಜಾನ್ ಗಣಿತಜ್ಞ. ಜ್ಯಾಮಿತಿಯಲ್ಲಿ ಪೆಟ್ರಿ ಬಹುಭುಜ ಅಂತ ಇದೆಯಲ್ಲ, ಅದು ಮಗನ ಹೆಸರು.

ಹೆಂಗಸರ ಪಾಲು ಇಲ್ಲಿ ನಿಜಕ್ಕೂ ದೊಡ್ಡದು. ಅಮೇಲಿಯಾ ಎಡ್ವರ್ಡ್ಸ್ ಕಾದಂಬರಿಗಾರ್ತಿ. ನೈಲ್ ನದಿಯ ಮೇಲೆ ಪ್ರಯಾಣ ಮಾಡಿ, ಅಲ್ಲಿನ ಸ್ಮಾರಕಗಳು ಹಾಳಾಗುತ್ತಿರುವುದನ್ನು ಕಂಡು, 1882ರಲ್ಲಿ ಉತ್ಖನನಕ್ಕೆ ನಿಧಿ ಸಂಸ್ಥೆ ಕಟ್ಟಿದವರು. 1892ರಲ್ಲಿ ತೀರಿಕೊಂಡಾಗ ಹಣವನ್ನೂ ತಮ್ಮ ಈಜಿಪ್ಟ್ ಸಂಗ್ರಹವನ್ನೂ ಈ ಕಾಲೇಜಿಗೆ ಬರೆದಿಟ್ಟರು. ಹೆಂಗಸರಿಗೂ ಡಿಗ್ರಿ ಕೊಡುವ ಕಾಲೇಜು ಅನ್ನುವುದೇ ಕಾರಣ. ಆ ಹಣದಿಂದ ಶುರುವಾದ ಪ್ರೊಫೆಸರ್ ಪೀಠಕ್ಕೆ ಪೆಟ್ರಿ ಬಂದರು, 1933ರವರೆಗೆ ಇದ್ದರು. ಪೆಟ್ರಿ ಚಳಿಗಾಲವೆಲ್ಲ ಮರಳಿನಲ್ಲಿದ್ದಾಗ ಇಲ್ಲಿ ಪಾಠ ಮಾಡಿ ವಿಭಾಗ ನಡೆಸಿದವರು ಮಾರ್ಗರೆಟ್ ಮರ್ರಿ. ಅವರು ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ, 1863ರಲ್ಲಿ. ನೂರು ವರ್ಷ ದಾಟಿ ಬಾಳಿದರು.

ಒಂದೇ ವಸ್ತು ನೋಡಲು ಸಮಯ ಇದೆ ಅಂದರೆ ತರ್ಖಾನ್ ಅಂಗಿ ನೋಡಿ. ಐದು ಸಾವಿರ ವರ್ಷಕ್ಕೂ ಹಳೆಯ ನಾರುಬಟ್ಟೆ. ಕೊರಳು ಇಂಗ್ಲಿಷಿನ ವಿ ಆಕಾರ. ತೋಳಿನ ಮೇಲೆ, ಎದೆಯ ಮೇಲೆ ಸಣ್ಣ ಸಣ್ಣ ನೆರಿಗೆ, ಒಂದೊಂದೂ ಕೈಯಲ್ಲೇ ಹಿಡಿದು ಕೂರಿಸಿದ್ದು. ಕೆಳಗಿನ ಅಂಚು ಹರಿದು ಹೋಗಿದೆ, ಹಾಗಾಗಿ ಎಷ್ಟು ಉದ್ದ ಇತ್ತು ಅಂತ ಹೇಳಲಾಗದು. ಹತ್ತಿರ ಹೋಗಿ ಮೊಣಕೈ ಜಾಗ ನೋಡಿ. ಬಟ್ಟೆ ಸುಕ್ಕಾಗಿದೆ. ಕಂಕುಳಲ್ಲೂ ಸುಕ್ಕು. ಯಾರೋ ಇದನ್ನು ತೊಟ್ಟು ಓಡಾಡಿ, ಕೈ ಮಡಿಸಿ ಕೆಲಸ ಮಾಡಿದ ಗುರುತು. ಸತ್ತವರಿಗೆ ಹೊದಿಸಲು ಹೊಲಿದದ್ದಲ್ಲ. ಅಂಗಿ ಸಿಕ್ಕಾಗ ಒಳಮೈ ಹೊರಗಾಗಿತ್ತು, ತಲೆಯ ಮೇಲಿಂದ ಎಳೆದು ಬಿಚ್ಚಿದ ಹಾಗೆ.

ಇದು ಸಿಕ್ಕ ರೀತಿ ಇನ್ನೂ ಚೆಂದ. ಪೆಟ್ರಿ 1913ರಲ್ಲಿ ತರ್ಖಾನ್‌ನ ಗೋರಿಯೊಂದರಿಂದ ಕೊಳೆಯಾದ ಬಟ್ಟೆಯ ಗಂಟು ತಂದರು. ಹೊಳೆಯುವ ವಸ್ತು ಮಾತ್ರ ಬೇಕು ಅನ್ನುವವರು ಅದನ್ನು ಅಲ್ಲೇ ಬಿಸಾಕುತ್ತಿದ್ದರು. ಪೆಟ್ರಿ ಬಿಸಾಕಲಿಲ್ಲ. 1977ರಲ್ಲಿ ಆ ಗಂಟನ್ನು ಶುಚಿ ಮಾಡಲು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಕಳಿಸಿದಾಗ ಒಳಗೆ ಈ ಅಂಗಿ ಇದ್ದದ್ದು ತಿಳಿಯಿತು. ಇತ್ತೀಚಿನ ಕಾರ್ಬನ್ ಪರೀಕ್ಷೆಯಲ್ಲಿ ಕ್ರಿ.ಪೂ. 3482ರಿಂದ 3102ರ ನಡುವಿನದು ಅಂತ ಬಂತು. ನೇಯ್ದು ಹೊಲಿದ ಉಡುಪುಗಳಲ್ಲಿ ಜಗತ್ತಿನಲ್ಲೇ ಅತಿ ಹಳೆಯದು ಅಂತ ಇದನ್ನು ಹೇಳುತ್ತಾರೆ.

ಗೆರ್ಝೆಯ ಕಬ್ಬಿಣದ ಮಣಿಗಳನ್ನೂ ಬಿಡಬೇಡಿ. ನೋಡಲು ತುಕ್ಕು ಹಿಡಿದ ಪುಟ್ಟ ಕೊಳವೆಗಳು, ಅಷ್ಟೇ. ಪೆಟ್ರಿಯ ಸಹಾಯಕ ವೇನ್‌ರೈಟ್ 1911ರಲ್ಲಿ ತೆಗೆದದ್ದು. ಅದಿರಿನಿಂದ ಕಬ್ಬಿಣ ಕರಗಿಸುವ ವಿದ್ಯೆ ಬರುವುದಕ್ಕಿಂತ ಎಷ್ಟೋ ಹಿಂದಿನವು. ಆಕಾಶದಿಂದ ಬಿದ್ದ ಉಲ್ಕೆಯನ್ನು ತೆಳ್ಳಗೆ ಬಡಿದು ಸುತ್ತಿ ಮಣಿ ಮಾಡಿದ್ದಾರೆ. 2013ರಲ್ಲಿ ಪ್ರಕಟವಾದ ಪರೀಕ್ಷೆಗಳು ಇದನ್ನು ಖಚಿತ ಮಾಡಿದವು. ಲಾಹೂನಿನ ಕೆಲಸಗಾರರ ಊರಿನಿಂದ ಬಂದ ಪಪೈರಸ್ ಹಾಳೆಗಳೂ, ಅಂದರೆ ಜೊಂಡಿನಿಂದ ಮಾಡಿದ ಹಳೆಯ ಕಾಗದಗಳೂ, ಈ ಸಂಗ್ರಹದಲ್ಲಿವೆ. ಅದರಲ್ಲಿ ಒಂದು ಹೆಂಗಸರ ಕಾಯಿಲೆ, ಬಸಿರಿನ ಬಗ್ಗೆ ಬರೆದ ವೈದ್ಯದ ಹಾಳೆ. ಕ್ರಿ.ಪೂ. 1800ರ ಆಸುಪಾಸಿನದು.

ಪಪೈರಸ್ ಅಂದಾಗ ಕನ್ನಡಿಗರಿಗೆ ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಹಳೆಯ ಊರು ನೆನಪಾಗಬೇಕು. ಅಲ್ಲಿ ಸಿಕ್ಕ ಎರಡನೇ ಶತಮಾನದ ಒಂದು ಗ್ರೀಕ್ ಪ್ರಹಸನದ ಕಥೆ ಭಾರತದ ಕರಾವಳಿಯಲ್ಲಿ ನಡೆಯುತ್ತದೆ. ಅದರ ಕೆಲವು ಮಾತುಗಳು ಕನ್ನಡದವು ಅಂತ ಜರ್ಮನ್ ವಿದ್ವಾಂಸ ಹುಲ್ಟ್ಷ್ 1904ರಲ್ಲಿ ವಾದಿಸಿದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಆ ಚರ್ಚೆ ಮುಂದುವರಿಸಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆ ಹಾಳೆ ಇಲ್ಲಿಲ್ಲ, ಆಕ್ಸ್‌ಫರ್ಡಿನಲ್ಲಿದೆ. ಆದರೆ ಆ ಊರಿನ ಜಾಗವನ್ನು ಅಲ್ಲಿ ಪಪೈರಸ್ ಅಗೆದು ತೆಗೆದ ಗ್ರೆನ್‌ಫೆಲ್ ಮತ್ತು ಹಂಟ್ ಕೈಗೆ ಬಿಟ್ಟುಕೊಟ್ಟವರು ಪೆಟ್ರಿ. ಗ್ರೆನ್‌ಫೆಲ್ ಕೊಪ್ಟೋಸ್‌ನಲ್ಲಿ ಪೆಟ್ರಿ ಜೊತೆ ಕೆಲಸ ಕಲಿತವರು. 1922ರಲ್ಲಿ ಪೆಟ್ರಿ ತಾವೇ ಅಲ್ಲಿ ಅಗೆದು ಆ ಊರಿನ ರಂಗಮಂದಿರದ ಅವಶೇಷ ಹೊರತೆಗೆದರು.

ಈಗ ಕಷ್ಟದ ಮಾತು. ಈಜಿಪ್ಟಿನ ಹಳೆಯ ರಾಜಧಾನಿ ಮೆಂಫಿಸ್‌ನಿಂದ ಪೆಟ್ರಿ ತಂದ ಪುಟ್ಟ ಮಣ್ಣಿನ ತಲೆಗಳಿವೆ. ಇದು ಪರ್ಷಿಯನ್, ಇದು ಭಾರತೀಯ ಅಂತ ಮುಖ ನೋಡಿಯೇ ಅವರು ವಿಂಗಡಿಸಿದರು. ಮೆಂಫಿಸ್‌ನಲ್ಲಿ ಭಾರತೀಯರ ನೆಲೆ ಇತ್ತು ಅಂತಲೂ ಬರೆದರು. ಭಾರತದವನಾಗಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಮುಖದ ಆಕಾರದಿಂದ ಜನಾಂಗ, ಜನಾಂಗದಿಂದ ಯೋಗ್ಯತೆ ಅನ್ನುವ ಹಾದಿ ಅದು. ಪೆಟ್ರಿ ಆ ಹಾದಿಯಲ್ಲಿ ಬಹಳ ದೂರ ಹೋದರು. ಯುಜೆನಿಕ್ಸ್, ಅಂದರೆ 'ಒಳ್ಳೆಯ' ತಳಿಯ ಮನುಷ್ಯರನ್ನೇ ಬೆಳೆಸಬೇಕು ಅನ್ನುವ ವಾದದ ಪ್ರತಿಪಾದಕ ಫ್ರಾನ್ಸಿಸ್ ಗಾಲ್ಟನ್ ಜೊತೆ ಸೇರಿ ಕೆಲಸ ಮಾಡಿದರು, ತಲೆಬುರುಡೆಗಳನ್ನು ಅಳತೆಗೆ ಕಳಿಸಿದರು. ನಖಾದಾದ ಗೋರಿಗಳನ್ನೂ ಮೊದಲು ಹೊರಗಿನಿಂದ ಬಂದ 'ಹೊಸ ಜನಾಂಗ'ದ್ದು ಅಂದುಬಿಟ್ಟಿದ್ದರು. ಫ್ರಾನ್ಸಿನ ಪುರಾತತ್ವಜ್ಞ ಜಾಕ್ ದ ಮೋರ್ಗನ್ ಅವು ಈಜಿಪ್ಟಿನವರದ್ದೇ, ರಾಜರ ಕಾಲಕ್ಕಿಂತ ಹಿಂದಿನವು ಅಂತ ಹೇಳಿದ ಮೇಲೆ ಒಪ್ಪಿಕೊಂಡರು. ಕಲ್ಲು, ಮಡಕೆ ಅಳೆಯುವಾಗ ಅಷ್ಟು ಎಚ್ಚರ ಇದ್ದ ಮನುಷ್ಯ ಮನುಷ್ಯರ ತಲೆಗೆ ಟೇಪು ಹಿಡಿದಾಗ ಮೊದಲೇ ಉತ್ತರ ಇಟ್ಟುಕೊಂಡಿದ್ದರು. ಪಿಯಾಟ್ಸಿ ಸ್ಮಿತ್ ಪಿರಮಿಡ್ಡಿಗೆ ಮಾಡಿದ್ದೂ ಅದನ್ನೇ. ಇದು ನನಗೆ ಬಹಳ ಬೇಜಾರಿನ ವಿಷಯ. ಪೆಟ್ರಿಯ ಬಗ್ಗೆ ಹೇಳುವವರು ಇದನ್ನು ಮುಚ್ಚಿಡಬಾರದು.

ಈ ವಸ್ತುಗಳು ಲಂಡನ್ನಿಗೆ ಹೇಗೆ ಬಂದವು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಸಿಕ್ಕಿದ್ದರಲ್ಲಿ ಒಂದು ಪಾಲು ಅಗೆದವರಿಗೆ ಅಂತ ನಿಯಮವಿತ್ತು. ದೇಶ ಬ್ರಿಟಿಷರ ಹಿಡಿತದಲ್ಲಿದ್ದಾಗಿನ ನಿಯಮ. ತುತನ್‌ಖಾಮುನ್ ಗೋರಿಯ ನಂತರ ಈಜಿಪ್ಟ್ ನಿಯಮ ಬಿಗಿ ಮಾಡಿತು. ಅದು ಪೆಟ್ರಿಗೆ ಹಿಡಿಸದೆ 1926ರಲ್ಲಿ ಪ್ಯಾಲೆಸ್ಟೈನಿಗೆ ಹೋದರು. ಈಜಿಪ್ಟ್ ಮಾಡಿದ್ದೇ ಸರಿ ಅಂತ ನನ್ನ ಅಭಿಪ್ರಾಯ. 1942ರಲ್ಲಿ ಪೆಟ್ರಿ ಜೆರುಸಲೇಮಿನಲ್ಲಿ ತೀರಿಕೊಂಡರು. ದೇಹ ಅಲ್ಲೇ ಮಣ್ಣಾಯಿತು. ತಲೆಯನ್ನು ಮಾತ್ರ ಅವರ ಇಚ್ಛೆಯಂತೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ಗೆ ಕೊಟ್ಟರು.

ಸೇವೆಯ ಬಗ್ಗೆ ಹೇಳುವುದಾದರೆ, ಸಿಬ್ಬಂದಿ ಒಳ್ಳೆಯವರು. ಏನಾದರೂ ಕೇಳಿದರೆ ಕಪಾಟಿನ ತನಕ ಬಂದು ತೋರಿಸುತ್ತಾರೆ. ಬೆಳಿಗ್ಗೆ ಬೇಗ ಹೋಗಬೇಡಿ, ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ತೆರೆಯುತ್ತದೆ. ಸಮಯ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಯೂಸ್ಟನ್ ಸ್ಕ್ವೇರ್ ಅಥವಾ ಗೂಜ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದರೆ ನಡೆಯುವಷ್ಟೇ ದೂರ. ಕನ್ನಡಕ ಮರೆಯಬೇಡಿ, ಚೀಟಿಗಳ ಅಕ್ಷರ ಸಣ್ಣದು. ಸಂಗ್ರಹದ ಪಟ್ಟಿ ಆನ್‌ಲೈನ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಯುಸಿ ನಂಬರ್ ಹಾಕಿದರೆ ಚಿತ್ರ, ಸಿಕ್ಕ ಊರು ಎಲ್ಲ ಬರುತ್ತದೆ. ಲಂಡನ್ನಿಗೆ ಬರಲಾಗದವರು ಊರಲ್ಲೇ ಕೂತು ನೋಡಬಹುದು.

ಚಿನ್ನದ ಮುಖವಾಡ ನೋಡಬೇಕು ಅನ್ನುವವರಿಗೆ ಇದು ಸರಿಹೋಗದು. ಅವರು ಕೈರೋಗೇ ಹೋಗಲಿ. ಇತಿಹಾಸ ಓದುವ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಎಂಜಿನಿಯರುಗಳು, ಕೈಕೆಲಸ ಗೊತ್ತಿರುವವರು ಖಂಡಿತ ಬನ್ನಿ. ಐದಕ್ಕೆ ಐದು ಕೊಡುತ್ತೇನೆ. ಅರ್ಧ ದಿನ ಇಟ್ಟುಕೊಂಡು ಬನ್ನಿ, ಅಂಗಿ ನೋಡಿ ಆತುರದಲ್ಲಿ ವಾಪಸ್ ಹೋಗಬೇಡಿ. ಮಡಕೆಗಳ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ.